ಬಾಡಿಗೆಮನೆಯ ಹೊಸ್ತಿಲಲ್ಲಿ

ಹೊರನಾಡ ಕನ್ನಡಿಗರ ಸಮಸ್ಯೆಗಳೆಂದರೆ ನಮ್ಮ ಸಂಘಗಳ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವವು ಭಾಷೆಯ ಉಳಿವು, ಮಕ್ಕಳ ಶಿಕ್ಷಣ, ಸಂಘದ ಕಟ್ಟಡ, ರಾಜ್ಯೋತ್ಸವದ ಖರ್ಚು. ಇವೆಲ್ಲಕ್ಕೂ ಮುಂಚೆ ಎದುರಾಗುವ ಸಮಸ್ಯೆಯೊಂದಿದೆ. ಊರಿಗೆ ಹೊಸದಾಗಿ ಬಂದವನಿಗೆ ತಲೆಯ ಮೇಲೊಂದು ಸೂರು ಬೇಕು. ಸಂಘದ ಸದಸ್ಯತ್ವದ ಅರ್ಜಿಯಲ್ಲಿ ವಿಳಾಸ ಬರೆಯಬೇಕಾದರೂ ಆ ವಿಳಾಸ ಮೊದಲು ದೊರೆಯಬೇಕಷ್ಟೆ. ಆದರೂ ಬಾಡಿಗೆಮನೆಯ ಹುಡುಕಾಟವನ್ನು ನಾವು ಅವರವರ ಖಾಸಗಿ ಪಾಡೆಂದು ಬಿಟ್ಟುಬಿಟ್ಟಿದ್ದೇವೆ. ಅದು ಸಂಘಕ್ಕೆ ಸಂಬಂಧಿಸಿದ ಸಾರ್ವಜನಿಕ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ.

ಮದರಾಸು ಒಂದು ಕಾಲಕ್ಕೆ ಎಷ್ಟೋ ಕನ್ನಡಿಗರಿಗೆ ಪರಸ್ಥಳವಾಗಿರಲೇ ಇಲ್ಲ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳ ಜನಕ್ಕೆ ಅದು ತಮ್ಮದೇ ಪ್ರಾಂತದ ರಾಜಧಾನಿ. ಕಾನೂನು ಓದಲು, ಹೈಕೋರ್ಟಿನಲ್ಲಿ ದಾವೆ ನಡೆಸಲು, ಹೋಟೆಲು ತೆರೆಯಲು ಅವರು ಇಲ್ಲಿಗೇ ಬರುತ್ತಿದ್ದರು. ಉಡುಪಿ ಕಡೆಯ ಕೆ. ಕೃಷ್ಣರಾಯರು ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದ್ದು 1938ರಲ್ಲಿ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಕಿಟ್ಟೆಲ್ ನಿಘಂಟನ್ನು 1968ರಿಂದ ಸಂಪುಟಗಳಾಗಿ ಹೊರತಂದದ್ದು ಮದರಾಸು ವಿಶ್ವವಿದ್ಯಾನಿಲಯ. 1954ರ ‘ಬೇಡರ ಕಣ್ಣಪ್ಪ’ ತಯಾರಾದದ್ದು ಇಲ್ಲಿ. 1975ರಲ್ಲಿ ಪುನೀತ್ ರಾಜಕುಮಾರ್ ಹುಟ್ಟಿದ್ದೂ ಈ ಊರಿನಲ್ಲಿ. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಸೀಮೆ, 1956ರ ನವೆಂಬರಿನಲ್ಲಿ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲಗಳು ಮೈಸೂರು ರಾಜ್ಯವನ್ನು ಸೇರಿದವು. ಅದು ಆಗಬೇಕಾದದ್ದೇ. ಆದರೆ ಆ ಭಾಗಗಳಿಂದ ಬಂದು ಇಲ್ಲಿ ನೆಲೆಸಿದ್ದ ಕನ್ನಡಿಗ, ಇದ್ದ ಮನೆಯಲ್ಲೇ ಇದ್ದು, ಹೊರನಾಡಿಗನಾದ.

ಅಂದು ಬಂದವರಲ್ಲಿ ಹಲವರಿಗೆ ಆಶ್ರಯವೊಂದು ಮೊದಲೇ ಗೊತ್ತಾಗಿರುತ್ತಿತ್ತು. ಹೋಟೆಲಿನ ಕೆಲಸಕ್ಕೆ ಬಂದ ಹುಡುಗ ಹೋಟೆಲಿನಲ್ಲೇ ಮಲಗುತ್ತಿದ್ದ. ಓದಲು ಬಂದವನು ನೆಂಟರ ಮನೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಇರುತ್ತಿದ್ದ. ಇಂದು ಬ್ಯಾಂಕು, ಗಣಕ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಗೆ ಬರುವವರು ಒಂಟಿಯಾಗಿ ಬರುತ್ತಾರೆ, ಒಂಟಿಯಾಗಿಯೇ ಮನೆ ಹುಡುಕುತ್ತಾರೆ.

ಕೇಂದ್ರ ಸರ್ಕಾರದ ನೌಕರನಾಗಿ ನಾಲ್ಕು ರಾಜ್ಯಗಳಲ್ಲಿ ಮನೆ ಬಾಡಿಗೆಗೆ ಹಿಡಿದ ಅನುಭವ ನನ್ನದು. ಸೇರ್ಪಡೆ ಅವಧಿಯನ್ನು ಕುರಿತ 1979ರ ನಿಯಮಗಳು ಸಾವಿರ ಕಿಲೋಮೀಟರಿನೊಳಗಿನ ವರ್ಗಾವಣೆಗೆ ಕೊಡುವುದು 10 ದಿನ. ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಲೋಮೀಟರು. ನಮಗೆ ಆ ಹತ್ತು ದಿನವೇ ಗತಿ. ಅಷ್ಟರಲ್ಲಿ ಸಾಮಾನು ಕಟ್ಟಬೇಕು, ಮಕ್ಕಳ ವರ್ಗಾವಣೆ ಪತ್ರ ಪಡೆಯಬೇಕು, ಅಪರಿಚಿತ ನಗರದಲ್ಲಿ ಮನೆ ಗೊತ್ತುಮಾಡಬೇಕು. ಬೆಸೆಂಟ್ ನಗರ, ಕೆ.ಕೆ. ನಗರಗಳಲ್ಲಿ ಕೇಂದ್ರ ಸರ್ಕಾರದ ವಸತಿಗೃಹಗಳಿದ್ದರೂ ಸರದಿ ಬರುವ ತನಕ ಹೊರಗಿರಬೇಕು. ಚೆನ್ನೈಯಂತಹ ನಗರಗಳಲ್ಲಿ ಮನೆಬಾಡಿಗೆ ಭತ್ಯೆ 2024ರ ಜನವರಿಯಿಂದ ಮೂಲವೇತನದ ಶೇ. 30ಕ್ಕೆ ಏರಿತು. ಇಂತಹ ಸುದ್ದಿ ನಮಗಿಂತ ಮೊದಲೇ ಮನೆ ಮಾಲೀಕರಿಗೆ ಮುಟ್ಟಿರುತ್ತದೆ! ಆದೇಶ ಜೂನ್ ಕೊನೆಗೆ ಬಂತೆನ್ನಿ, ಜುಲೈ ನಡುವಿಗೆ ಆಡಿ ಮಾಸ ಎದುರಾಗುತ್ತದೆ. ನಮ್ಮ ಆಷಾಢದಂತೆ ಆ ತಿಂಗಳಲ್ಲಿ ಹೊಸ ಮನೆಗೆ ಕಾಲಿಡುವವರು ವಿರಳ.

ನೆರೆಯ ಈ ಎರಡು ನುಡಿಗಳ ನಂಟನ್ನು ಮನೆಯ ವಿಷಯದಲ್ಲೇ ಕಾಣಬಹುದು. ಅವರ ‘ವಾಡಗೈ’ ನಮ್ಮ ‘ಬಾಡಿಗೆ’, ಅವರ ‘ವೀಡು’ ನಮ್ಮ ‘ಬೀಡು’. ಹೊಸ ಮನೆಯಲ್ಲಿ ಹಾಲುಕ್ಕಿಸುವ ಶಾಸ್ತ್ರ ಇಬ್ಬರಿಗೂ ಉಂಟು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಎರಡು ಭಾಷೆಗಳಲ್ಲೂ ಇದೆ. ಮನೆ ಬಾಡಿಗೆಗೆ ಹಿಡಿದು ನೋಡು ಎಂಬುದನ್ನು ಸೇರಿಸುವ ಅಗತ್ಯ ಎರಡೂ ಕಡೆಯ ಹಿರಿಯರಿಗೆ ಬರಲಿಲ್ಲವೆಂದು ತೋರುತ್ತದೆ.

ಮೊದಲು ಹಣದ ಮಾತು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಚೆನ್ನೈಯಲ್ಲಿ ಬಹುಕಾಲದಿಂದ ಬಂದ ರೂಢಿ. ತಿಂಗಳಿಗೆ 25,000 ರೂಪಾಯಿಯ ಮನೆಗೆ ಎರಡೂವರೆ ಲಕ್ಷವನ್ನು ಒಮ್ಮೆಗೇ ಎಣಿಸಿಕೊಡಬೇಕು. ತಮಿಳುನಾಡು ಸರ್ಕಾರ 2017ರಲ್ಲಿ ಮಾಲೀಕರ ಮತ್ತು ಬಾಡಿಗೆದಾರರ ಹಕ್ಕು-ಹೊಣೆಗಳನ್ನು ಕುರಿತ ಹೊಸ ಕಾಯಿದೆ ಮಾಡಿತು. 2019ರ ಫೆಬ್ರವರಿ 22ರಂದು ಅದು ಜಾರಿಗೆ ಬಂತು. ಅದರಂತೆ ಕರಾರು ಲಿಖಿತವಾಗಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಮೂರು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೇಳುವಂತಿಲ್ಲ; ಅಂದರೆ ಮೇಲಿನ ಮನೆಗೆ 75,000 ರೂಪಾಯಿ. ಆದರೆ ಉಭಯಪಕ್ಷಗಳು ಬೇರೆ ರೀತಿಯಲ್ಲಿ ಒಪ್ಪಿಕೊಂಡಿದ್ದರೆ ಈ ಮಿತಿ ಅನ್ವಯಿಸದೆಂಬ ಮಾತೂ ಅದರಲ್ಲೇ ಇದೆ. ಹತ್ತು ದಿನದ ಗಡುವಿನಲ್ಲಿ, ಲಾಡ್ಜಿನ ಕೋಣೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿ ಬಂದವನು ಯಾವುದಕ್ಕೆ ತಾನೆ ಒಪ್ಪುವುದಿಲ್ಲ? ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಒಂದೆರಡು ತಿಂಗಳ ಬಾಡಿಗೆ ಮುರಿದುಕೊಂಡರೂ ಸುಮ್ಮನಿರುತ್ತಾನೆ, ಏಕೆಂದರೆ ಮುಂದಿನ ಊರಿನ ಹತ್ತು ದಿನಗಳು ಆಗಲೇ ಆರಂಭವಾಗಿರುತ್ತವೆ.

ಹೊಸಬನಿಗೆ ಮನೆಯ ಒಳಗುಟ್ಟೂ ತಿಳಿಯದು. 2015ರ ಡಿಸೆಂಬರಿನ ನೆರೆಯಲ್ಲಿ ವೇಳಚ್ಚೇರಿ, ಕೋಟ್ಟೂರುಪುರ, ಮುಡಿಚ್ಚೂರುಗಳ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ನಗರ ಮುಳುಗಿತು. 2019ರ ಬೇಸಗೆಯಲ್ಲಿ ಊರಿಗೆ ನೀರುಣಿಸುವ ಜಲಾಶಯಗಳೇ ಬತ್ತಿದವು. ಆದ್ದರಿಂದ ನೆಲಮಾಳಿಗೆಯ ಮನೆಯ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅದರಡಿಯಲ್ಲಿ ನೆರೆಯ ಗುರುತು ಇತ್ತೇ, ಕೊಳವೆಬಾವಿಯ ನೀರು ಉಪ್ಪೇ, ಕಾರ್ಪೊರೇಷನ್ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಕೇಳಿ ತಿಳಿಯಬೇಕು. ಇದನ್ನು ದಲ್ಲಾಳಿ ಹೇಳುವುದಿಲ್ಲ. ಇಪ್ಪತ್ತು ವರ್ಷ ಆ ಬೀದಿಯಲ್ಲಿ ಬಾಳಿದ ಕನ್ನಡಿಗ ಹೇಳಬಲ್ಲ.

ಇವೆಲ್ಲ ಹಣದಿಂದಲೋ ತಿಳಿವಳಿಕೆಯಿಂದಲೋ ತೀರುವ ತೊಂದರೆಗಳು. ಹಾಗೆ ತೀರದ ತೊಂದರೆ ಬೇರೊಂದಿದೆ.

ಮನೆ ನೋಡಲು ಹೋದ ಕಡೆಯೆಲ್ಲ ನನ್ನನ್ನು ಕೇಳಿದ ಪ್ರಶ್ನೆಗಳು ಮೂರು: ಸ್ವಂತ ಊರು ಯಾವುದು, ಎಷ್ಟು ಜನ ಇರುತ್ತೀರಿ, ಸಸ್ಯಾಹಾರಿಗಳೇ? ಮೂರನೆಯದಕ್ಕೆ ನನ್ನ ಉತ್ತರ ಕೇಳಿ ಮಾಲೀಕರ ಮುಖ ಅರಳುತ್ತಿತ್ತು. ನಾಲ್ಕನೆಯ ದಿನವೇ ಮನೆ ಸಿಕ್ಕಿತು. ಅದೇ ವರ್ಷ ನಮ್ಮ ಕಚೇರಿಗೆ ಕಲಬುರಗಿ ಕಡೆಯಿಂದ ವರ್ಗವಾಗಿ ಬಂದ ಕಿರಿಯ ಸಹೋದ್ಯೋಗಿಯೊಬ್ಬರು ದಲಿತ ಕುಟುಂಬದವರು. ಅವರು ಹದಿನೇಳು ಮನೆಗಳನ್ನು ನೋಡಿದರು. ಗುರುತುಚೀಟಿ, ವೇತನ ಪ್ರಮಾಣಪತ್ರ, ಕೇಳಿದಷ್ಟು ಮುಂಗಡ ಎಲ್ಲವೂ ಸಿದ್ಧವಿದ್ದವು. ಮನೆಯಲ್ಲಿ ಮಾಂಸದಡುಗೆ ಮಾಡುವುದಿಲ್ಲವೆಂದು ಮಾತು ಕೊಟ್ಟರೂ ‘ಯೋಚಿಸಿ ಹೇಳುತ್ತೇವೆ’ ಎಂಬುದೇ ಉತ್ತರ. ಹದಿನೇಳರಲ್ಲಿ ಎರಡು ಮನೆಗಳು ಕನ್ನಡಿಗರವು. ಒಬ್ಬ ಮಾಲೀಕರು ಕನ್ನಡ ಕಿವಿಗೆ ಬಿದ್ದೊಡನೆ ಸಂತೋಷಪಟ್ಟು ಕಾಫಿ ತರಿಸಿದರು. ಮಾತಿನ ನಡುವೆ ತಂದೆಯ ಹೆಸರು ಕೇಳಿದರು, ಮನೆದೇವರು ಯಾವುದೆಂದರು. ಮರುದಿನ ಬೆಳಿಗ್ಗೆ ಮನೆ ಬೇರೆಯವರಿಗೆ ಗೊತ್ತಾಗಿದೆಯೆಂದು ಫೋನು ಬಂತು. ಸಹೋದ್ಯೋಗಿ ನನಗೆ ಹೇಳಿದ್ದಿಷ್ಟು: “ಸಾರ್, ಉಳಿದವರು ಹೊರಗಿನವನಂತ ಕೊಡಲಿಲ್ಲ ಅಂದುಕೊಂಡೆ. ಇವರು ನಮ್ಮವನು ಅಂತ ಗುರುತು ಹಿಡಿದ ಮೇಲೆ ಕೊಡಲಿಲ್ಲ.” ಅವರ ಪತ್ನಿ ಮತ್ತು ಮಗಳು ಎರಡು ತಿಂಗಳು ಊರಿನಲ್ಲೇ ಉಳಿದರು.

ಸಂವಿಧಾನದ 19(1)(ಇ) ವಿಧಿ ಭಾರತದ ಯಾವುದೇ ಭಾಗದಲ್ಲಿ ವಾಸಿಸುವ, ನೆಲೆಸುವ ಹಕ್ಕನ್ನು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಯ ಕಾರಣಕ್ಕೆ ತಡೆಯಬಾರದೆಂದು 15(2)ನೆಯ ವಿಧಿ ಹೇಳುತ್ತದೆ. ಬಾಡಿಗೆಮನೆಯ ಹೆಸರು ಅದರಲ್ಲಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಂತೆ ಅಸ್ಪೃಶ್ಯತೆಯ ಆಧಾರದ ಮೇಲೆ ವಾಸದ ಮನೆಗೆ ಅಡ್ಡಿಮಾಡುವುದು ಅಪರಾಧ. ಆದರೆ ‘ಬೇರೆಯವರಿಗೆ ಗೊತ್ತಾಗಿದೆ’ ಎಂಬ ಸೌಜನ್ಯದ ಮಾತಿಗೆ ಸಾಕ್ಷಿಯನ್ನು ಎಲ್ಲಿಂದ ತರುವುದು? ತಟ್ಟೆಯ ಪ್ರಶ್ನೆಯ ಹಿಂದೆ ಹುಟ್ಟಿನ ಪ್ರಶ್ನೆ ಅಡಗಿದೆಯೆಂದು ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು. ಒಂದೇ ಸೂರಿನಡಿ, ಒಂದೇ ಅಡುಗೆಮನೆ ಹಂಚಿಕೊಳ್ಳುವ ಮಾಲೀಕರ ಸಂಕೋಚವನ್ನು ಅರ್ಥಮಾಡಿಕೊಳ್ಳಬಹುದು. ಬೇರೆ ಬಾಗಿಲು, ಬೇರೆ ಮಹಡಿಯ ಮನೆಗೂ ಅದೇ ವಾದ ಹೂಡುವುದನ್ನು ಒಪ್ಪಲಾಗದು.

ತಮಿಳರನ್ನು ದೂರಿ ಈ ಲೇಖನವನ್ನು ಮುಗಿಸುವುದು ಸುಲಭ. ಆದರೆ ಹತ್ತು ತಿಂಗಳ ಮುಂಗಡ ನಮ್ಮ ಬೆಂಗಳೂರಿನಲ್ಲೂ ರೂಢಿಯೇ. ಯಾವ ಊರು, ಏನು ಊಟ ಎಂದು ಅಲ್ಲಿಯೂ ಕೇಳುತ್ತಾರೆ. 1991ರ ಡಿಸೆಂಬರಿನಲ್ಲಿ ಕಾವೇರಿಯ ಮಧ್ಯಂತರ ತೀರ್ಪು ಪ್ರಕಟವಾದಾಗ ಬೆಂಗಳೂರಿನ ತಮಿಳರು ಮನೆಬಿಟ್ಟು ಓಡಬೇಕಾಯಿತು. 2016ರ ಸೆಪ್ಟೆಂಬರಿನಲ್ಲಿ ಮತ್ತೆ ಬೆಂಕಿ ಹೊತ್ತಿತು. ಇಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬುಗಳು ಬಿದ್ದವು. ಅಂತಹ ದಿನಗಳಲ್ಲಿ ಹೊರನಾಡಿಗನ ಮೊದಲ ರಕ್ಷಕರು ಮಹಡಿಯ ಮೇಲಿನ ಮಾಲೀಕರು ಮತ್ತು ಎದುರುಮನೆಯವರು. ನಾಲ್ಕು ಜನರ ನಡುವೆ ಮನೆ ಸಿಗದವನಿಗೆ ಆ ನೆರೆಯೂ ಇಲ್ಲ. ಬಾಡಿಗೆಯ ಪ್ರಶ್ನೆ ಇಷ್ಟು ದೂರ ಹೋಗುತ್ತದೆ.

ಸಂಘ ಏನು ಮಾಡಬಹುದು? ಮೊದಲನೆಯದಾಗಿ, ಖಾಲಿ ಮನೆಗಳ ದಾಖಲೆ ಪುಸ್ತಕವೊಂದನ್ನು ಇಡಬೇಕು. ಈಗಲೂ ಇಂತಹ ಮಾಹಿತಿ ನಮ್ಮಲ್ಲಿ ಹರಿದಾಡುತ್ತದೆ; ಆದರೆ ಅದು ಜಾತಿ, ಜಿಲ್ಲೆಗಳ ಕಾಲುವೆಗಳಲ್ಲಿ ಹರಿಯುತ್ತದೆ. ಕುಲ, ಮತ, ಆಹಾರಗಳ ಷರತ್ತಿಲ್ಲದೆ ಮನೆ ಕೊಡಲೊಪ್ಪುವವರ ಮನೆಗಳನ್ನಷ್ಟೇ ಈ ಪುಸ್ತಕದಲ್ಲಿ ದಾಖಲಿಸಬೇಕು. ಎರಡನೆಯದಾಗಿ, 2017ರ ಕಾಯಿದೆಗೆ ಹೊಂದುವ ಕರಾರಿನ ಮಾದರಿಯನ್ನು ಕನ್ನಡ, ತಮಿಳು ಎರಡರಲ್ಲೂ ನಮ್ಮ ವಕೀಲ ಸದಸ್ಯರಿಂದ ಸಿದ್ಧಪಡಿಸಿ ಹಂಚಬೇಕು. ಮೂರನೆಯದಾಗಿ, ಸಭಾಂಗಣಕ್ಕೆ ಲಕ್ಷಾಂತರ ರೂಪಾಯಿ ಕೂಡಿಸುವ ಸಂಘಗಳು, ಹೊಸದಾಗಿ ಬಂದ ಕುಟುಂಬ ಹತ್ತು ದಿನ ತಂಗಲು ಎರಡು ಕೋಣೆಗಳನ್ನಾದರೂ ಕಟ್ಟಿಸಬೇಕು. ಹೊಸಬನ ಬೆನ್ನಿಗೆ ಗಡುವು ಇಲ್ಲದಿದ್ದರೆ ಅವನೂ ಮೂರು ತಿಂಗಳ ಠೇವಣಿಯ ಮಾತನ್ನು ಧೈರ್ಯವಾಗಿ ಆಡಬಲ್ಲ.

ಇವೆಲ್ಲಕ್ಕೂ ಮುಖ್ಯವಾದದ್ದು ಈ ನಗರದಲ್ಲಿ ಸ್ವಂತ ಮನೆ ಕಟ್ಟಿಕೊಂಡು ಒಂದು ಭಾಗವನ್ನು ಬಾಡಿಗೆಗೆ ಕೊಟ್ಟಿರುವ ಕನ್ನಡಿಗರ ಮನಸ್ಸು. ಅವರಲ್ಲಿ ಬಹುಮಂದಿ ಒಂದು ದಿನ ಟ್ರಂಕು ಹಿಡಿದು ಸೆಂಟ್ರಲ್ ನಿಲ್ದಾಣದಲ್ಲಿ ಇಳಿದವರೇ. ರಾಜ್ಯೋತ್ಸವದ ವೇದಿಕೆಯಲ್ಲಿ ನಾವೆಲ್ಲ ಒಂದೇ ತಾಯಿಯ ಮಕ್ಕಳೆಂದು ಹೇಳಿದ ಮೇಲೆ, ಬೀಗದ ಕೈ ಕೊಡುವ ಹೊತ್ತಿನಲ್ಲೂ ಆ ಮಾತನ್ನು ನಡೆಸಿಕೊಡಬೇಕು. ಸಂಘದ ಬರುವ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ಮೂರು ಸಲಹೆಗಳನ್ನು ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇನೆ. ಮನೆಯುಳ್ಳ ಸದಸ್ಯರು ಅಂದು ತಪ್ಪದೆ ಬರಬೇಕು.