ಯಾವ ಏರ್‌ಲೈನ್ಸ್ ಬುಕ್ ಮಾಡ್ಲಿ ಅಣ್ಣಾ?



ಡಿಸೆಂಬರ್, ಜನವರಿ ಬಂತಂದ್ರೆ ಈ ಪ್ರಶ್ನೆ ನನಗೆ ಖಾಯಂ. ಜಂತರ್ ಮಂತರ್‌ನಲ್ಲಿ ಧರಣಿ, ದೆಹಲಿಯಲ್ಲಿ ಸಭೆ, ಕೋರ್ಟ್ ಕೆಲಸ ಅಂತ ಹೊರಡೋ ಹುಡುಗರು ಫೋನ್ ಮಾಡ್ತಾರೆ. ಟಿಕೆಟ್ ದುಡ್ಡು ನೂರು, ಇನ್ನೂರು ಕೂಡಿಸಿದ ಚಂದಾ ದುಡ್ಡು. ಹಾಗಾಗಿ ಪ್ರಶ್ನೆ ಸಣ್ಣದಲ್ಲ. ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲೇ ಬರೀತಿದ್ದೀನಿ.

ಮೊದಲ ಮಾತು: ಆಯ್ಕೆ ಅನ್ನೋದು ನಮಗೆ ಹೆಚ್ಚು ಉಳಿದಿಲ್ಲ. ದೇಶದೊಳಗೆ ವಿಮಾನ ಹತ್ತುವ ನೂರು ಜನರಲ್ಲಿ 60ಕ್ಕಿಂತ ಹೆಚ್ಚು ಜನ ಇಂಡಿಗೋ ಹತ್ತುತ್ತಾರೆ. ಏರ್ ಇಂಡಿಯಾ ಗುಂಪನ್ನೂ ಸೇರಿಸಿದ್ರೆ ಹತ್ತಿರ ಹತ್ತಿರ 90. ಊರಿಗೆ ಎರಡೇ ಅಂಗಡಿ ಇದ್ದಾಗ ಅಂಗಡಿಯವನು ಹೇಳಿದ್ದೇ ರೇಟು, ಕೊಟ್ಟಿದ್ದೇ ಸಾಮಾನು.

ಎರಡನೇ ಮಾತು: ಎಲ್ಲವನ್ನೂ ಮಂಜಿನ ತಲೆಗೆ ಕಟ್ಟೋದನ್ನ ನಂಬಬೇಡಿ. ಮಂಜು ನಿಜ. ಆದ್ರೆ ದೆಹಲಿಯಲ್ಲಿ ದಟ್ಟ ಮಂಜಲ್ಲೂ ವಿಮಾನ ಇಳಿಸೋ ಕ್ಯಾಟ್-3 ವ್ಯವಸ್ಥೆ ಇದೆ. ನಮ್ಮ ಕೆಂಪೇಗೌಡ ನಿಲ್ದಾಣದ ಒಂದು ರನ್‌ವೇಗೂ ಇದೆ. ಅದನ್ನ ಬಳಸೋಕೆ ಆ ತರಬೇತಿ ಪಡೆದ ಪೈಲಟ್ ಬೇಕು. ತರಬೇತಿ ಕೊಡಿಸೋಕೆ ಕಂಪನಿ ದುಡ್ಡು ಖರ್ಚು ಮಾಡಬೇಕು. ದೆಹಲಿಗೆ ಅಂಥ ಪೈಲಟ್‌ಗಳನ್ನ ಡ್ಯೂಟಿಗೆ ಹಾಕಲಿಲ್ಲ ಅಂತ 2024ರ ಜನವರಿಯಲ್ಲಿ ಡಿಜಿಸಿಎ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್‌ಗೆ ತಲಾ 30 ಲಕ್ಷ ರೂಪಾಯಿ ದಂಡ ಹಾಕಿತು. ಮಂಜು ಯಾವ ತಿಂಗಳು ಬರುತ್ತೆ ಅಂತ ನಮ್ಮ ಹಳ್ಳಿಯ ಅಜ್ಜಿಗೂ ಗೊತ್ತು. ಕಂಪನಿಗೆ ಗೊತ್ತಿರಲ್ವಾ?

2025ರ ಡಿಸೆಂಬರ್ ನೆನಪಿಸಿಕೊಳ್ಳಿ. ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಬೇಕು, ರಾತ್ರಿ ಹೊತ್ತಿನ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳಿಯಬೇಕು ಅನ್ನೋ ನಿಯಮ ಪ್ರಕಟ ಆಗಿದ್ದು 2024ರಲ್ಲೇ. ತಯಾರಿಗೆ ಸಾಕಷ್ಟು ಸಮಯ ಇತ್ತು. ಇಂಡಿಗೋ ತಯಾರಾಗಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದು. ಮರುದಿನ ಬಾಬಾಸಾಹೇಬರ ಪರಿನಿರ್ವಾಣ ದಿನ. ಉಳಿದ ವಿಮಾನಗಳ ಟಿಕೆಟ್ ದರ ಆಕಾಶಕ್ಕೆ ಹೋಗಿ, ಸರ್ಕಾರವೇ ಮಿತಿ ಹಾಕಬೇಕಾಯ್ತು. 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 1,500 ಕಿಲೋಮೀಟರ್ ದಾಟಿದ್ರೆ 18,000. ರೈಲ್ವೆ ಎಕ್ಸ್‌ಟ್ರಾ ಬೋಗಿ ಜೋಡಿಸಿತು.

ಆಮೇಲೆ ಆಗಿದ್ದೇನು? ನಿಯಮ ಪಾಲಿಸದ ಕಂಪನಿಗೇ ಕೆಲವು ನಿಯಮಗಳಲ್ಲಿ ತಾತ್ಕಾಲಿಕ ವಿನಾಯಿತಿ ಸಿಕ್ತು. "ಪೈಲಟ್‌ಗಳಿಗೆ ರೆಸ್ಟ್ ಕೊಟ್ಟಿದ್ದಕ್ಕೇ ಇಷ್ಟೆಲ್ಲ ಆಯ್ತು" ಅನ್ನೋ ಮಾತನ್ನ ನಮ್ಮವರೇ ಶೇರ್ ಮಾಡಿದ್ದು ನೋಡಿ ಬೇಜಾರಾಯ್ತು. ಕಾರ್ಖಾನೆ ದುಡಿಮೆ ವಾರಕ್ಕೆ 48 ಗಂಟೆಗೆ ಇಳಿಯಬೇಕು ಅನ್ನೋ ಮಸೂದೆಯನ್ನ 1946ರಲ್ಲಿ ತಂದವರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು. ಪೈಲಟ್ ಸಂಬಳ ಲಕ್ಷಗಟ್ಟಲೆ ಇರಬಹುದು. ನಿದ್ದೆ ಇಲ್ಲದ ಕಣ್ಣು ಎಲ್ಲರದ್ದೂ ಒಂದೇ.

ಎರಡು ವರ್ಷದ ಹಿಂದೆ ಜನವರಿಯಲ್ಲಿ ದೆಹಲಿಗೆ ಹೊರಟು ಬೆಂಗಳೂರು ನಿಲ್ದಾಣದಲ್ಲಿ ಆರು ಗಂಟೆ ಕೂತಿದ್ದೆ. ಏರ್‌ಲೈನ್ಸ್ ಹೆಸರು ಬೇಡ. ಅರ್ಧರ್ಧ ಗಂಟೆಗೆ "ಇನ್ನು ಅರ್ಧ ಗಂಟೆ" ಅಂತ ಮೆಸೇಜು. ಕೌಂಟರಲ್ಲಿದ್ದ ಹುಡುಗಿಗೆ 22, 23 ವಯಸ್ಸಿರಬೇಕು, ರಾತ್ರಿಯಿಂದ ನಿಂತೇ ಇದ್ದಳು. ಕೋಟು ಹಾಕಿದ್ದ ಒಬ್ಬ ಮನುಷ್ಯ ಅವಳಿಗೆ ಕೂಗಿದ: "ಕೋಟಾದಲ್ಲಿ ಬಂದವರನ್ನ ಕೂರಿಸಿದ್ರೆ ಹಿಂಗೇ ಆಗೋದು!" ಅವಳ ಜಾತಿ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನು ಎದ್ದು, "ಸ್ವಾಮಿ, ಇದು ಖಾಸಗಿ ಕಂಪನಿ. ಇಲ್ಲಿ ಕೋಟಾನೇ ಇಲ್ಲ. ತಪ್ಪು ಯಾರದು ಅಂತ ಈಗ ಹೇಳಿ" ಅಂದೆ. ಸುಮ್ಮನಾದ, ಕ್ಷಮೆ ಕೇಳಲಿಲ್ಲ.

ಏರ್ ಇಂಡಿಯಾ ಸರ್ಕಾರದ್ದಾಗಿದ್ದಾಗ ನೇಮಕದಲ್ಲಿ ಮೀಸಲಾತಿ ಇತ್ತು. 2022ರ ಜನವರಿಯಲ್ಲಿ ಟಾಟಾ ಕೈಗೆ ಹೋದ ಮೇಲೆ ಆ ಬಾಗಿಲೂ ಮುಚ್ಚಿತು. ಮೀಸಲಾತಿ ಇಲ್ಲದ ಕಡೆ ಅವ್ಯವಸ್ಥೆ ಆದ್ರೂ ಬೈಗುಳ ಮಾತ್ರ ಮೀಸಲಾತಿಗೇ.

ಈಗ ಹುಡುಗರಿಗೆ ನನ್ನ ಉತ್ತರ.

ಐನೂರು ರೂಪಾಯಿ ಕಡಿಮೆ ಅಂತ ನೋಡಬೇಡಿ. ನೀವು ಹೋಗೋ ಊರಿಗೆ ಅದೇ ದಿನ ಇನ್ನೂ ಎರಡು ಮೂರು ವಿಮಾನ ಇರೋ ಏರ್‌ಲೈನ್ಸ್ ನೋಡಿ. ಒಂದು ರದ್ದಾದ್ರೆ ಇನ್ನೊಂದಕ್ಕೆ ಹಾಕ್ತಾರೆ. ಡಿಜಿಸಿಎ ಪ್ರತಿ ತಿಂಗಳು ಯಾವ ಕಂಪನಿ ಎಷ್ಟು ಸಮಯಕ್ಕೆ ಹೊರಟಿತು, ಎಷ್ಟು ರದ್ದು ಮಾಡಿತು ಅಂತ ಪಟ್ಟಿ ಹಾಕುತ್ತೆ, ಓದಿ. ಬೆಳಗಿನ 6ರ ವಿಮಾನ ಬಿಟ್ಟು 11ರ ನಂತರದ್ದು ಹಿಡೀರಿ. ನಡುವೆ ವಿಮಾನ ಬದಲಾಯಿಸೋದು ಇದ್ರೆ ಎರಡೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಕೋರ್ಟ್ ತಾರೀಕು ಇದ್ರೆ ಹಿಂದಿನ ದಿನವೇ ಹೋಗಿ.

ಹಕ್ಕು ತಿಳ್ಕೊಳ್ಳಿ. ಪ್ರಯಾಣದ ಅವಧಿ ಪ್ರಕಾರ 2ರಿಂದ 4 ಗಂಟೆ ತಡವಾದ್ರೆ ತಿಂಡಿ ಊಟ ಕೊಡಬೇಕು. 6 ಗಂಟೆ ಮೀರೋದಾದ್ರೆ ಬೇರೆ ವಿಮಾನ ಇಲ್ಲಾ ಪೂರ್ತಿ ದುಡ್ಡು ವಾಪಸ್. ಮಂಜಿಗೆ ಪರಿಹಾರಧನ ಸಿಗಲ್ಲ, ಆದ್ರೆ ರದ್ದಾದ ಟಿಕೆಟ್ಟಿನ ದುಡ್ಡು ಸಿಗಲೇಬೇಕು. ಕೊಡದಿದ್ರೆ ಏರ್‌ಸೇವಾದಲ್ಲಿ ದೂರು ಹಾಕಿ. ಆಫೀಸಲ್ಲಿ ಫೈಲು ನೋಡೋ ಗುಮಾಸ್ತನಾಗಿ ಹೇಳ್ತೀನಿ, ಬಾಯಲ್ಲಿ ಹೇಳಿದ್ದು ಎಲ್ಲೂ ದಾಖಲಾಗಲ್ಲ. ಬರೆದು ಕೊಡಿ, ನಂಬರ್ ಇಸ್ಕೊಳ್ಳಿ.

ಕೌಂಟರಿನ ಹುಡುಗಿ ಮೇಲೆ ಕೂಗಬೇಡಿ. ವೇಳಾಪಟ್ಟಿ ಮಾಡಿದ್ದು ಅವಳಲ್ಲ. ಅವಳಿಗೂ ಪೈಲಟ್‌ಗೂ ವಿಶ್ರಾಂತಿ, ಖಾಸಗಿ ಕಂಪನಿಯಲ್ಲೂ ನಮ್ಮ ಮಕ್ಕಳಿಗೆ ಪಾಲು, ದುಡ್ಡು ಕೊಟ್ಟವನಿಗೆ ನಿಜ ಮಾಹಿತಿ. ಈ ಮೂರನ್ನೂ ಒಟ್ಟಿಗೇ ಕೇಳೋಣ.

ಜೈಭೀಮ್.