ವಾರ್ಡಿನ ಮಾತು – 7: ‘ಮತ್ತೆ ಬಂತಂದ್ರೆ ಮುಗೀತು’ ಅಂದವರು ಯಾರು?

ನಮ್ಮೂರ ಹುಡುಗನಿಗೆ ಬ್ಲಡ್ ಕ್ಯಾನ್ಸರ್ ಮರಳಿದೆ ಅಂತ ಗೊತ್ತಾದಾಗಿನಿಂದ ಮೂರು ಜನ ಫೋನ್ ಮಾಡಿದ್ರಿ. ಮೂವರದ್ದೂ ಒಂದೇ ಮಾತು: "ಮತ್ತೆ ಬಂತಂದ್ರೆ ಮುಗೀತು ಕಣೇ. ಮಗೂಗೆ ಯಾಕೆ ಹಿಂಸೆ, ಮನೇಲಿ ಅಮೃತಬಳ್ಳಿ ಕಷಾಯ ಕುಡ್ಕೊಂಡು ಇರ್ಲಿ." ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದ್ರೂ ನಂಗೆ ಸಿಟ್ಟು ಬಂದಿದೆ.

ಮೊದಲು ಕೇಳಬೇಕಾದ್ದು ‘ಯಾವಾಗ ಬಂತು’ ಅಂತ. ಚಿಕಿತ್ಸೆ ನಡೀತಿರುವಾಗಲೇ ಬಂದ್ರೆ ಕಷ್ಟ ಜಾಸ್ತಿ, ಸುಳ್ಳು ಹೇಳಲ್ಲ. ಆದ್ರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಿ-ಸೆಲ್ ಲ್ಯುಕೇಮಿಯಾ, ಚಿಕಿತ್ಸೆ ಮುಗಿದು ಆರು ತಿಂಗಳು ದಾಟಿದ ಮೇಲೆ ಮರಳಿದ್ರೆ, ಮತ್ತೆ ವಾಸಿಯಾಗುವ ಮಕ್ಕಳು ಬಹಳ ಇದ್ದಾರೆ. ನಮ್ಮ ಹುಡುಗನಿಗೆ ಚಿಕಿತ್ಸೆ ಮುಗಿದು ವರ್ಷವೇ ಆಗಿತ್ತು! ಇದನ್ನ ತೂಗಿ ಹೇಳಬೇಕಾದವರು ಡಾಕ್ಟರು, ಮದುವೆಮನೆ ಪಂಕ್ತಿಯಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ಇಂಥ ಮಕ್ಕಳಿಗೆ ಬ್ಲಿನಾಟುಮೊಮ್ಯಾಬ್ ಕೊಡ್ತೀವಿ. ಮೈಯೊಳಗಿನ ಟಿ-ಸೆಲ್ಲನ್ನೇ ಎಳೆದು ತಂದು ಕ್ಯಾನ್ಸರ್ ಕಣಕ್ಕೆ ಗಂಟು ಹಾಕುವ ಔಷಧಿ. 28 ದಿನ, ಹಗಲೂ ರಾತ್ರಿ, ಪಂಪಿನಲ್ಲಿ ಹನಿಹನಿಯಾಗಿ. ಆ ಲೈನನ್ನು ನಾವು ಫ್ಲಶ್ ಮಾಡೋ ಹಾಗಿಲ್ಲ, ಕೊಳವೆಯಲ್ಲಿ ಉಳಿದದ್ದೆಲ್ಲ ಒಮ್ಮೆಲೇ ಒಳಗೆ ಹೋಗುತ್ತೆ. ದಿನಾ ಮಗು ಒಂದು ಸಾಲು ಬರೆಯಬೇಕು. ಅಕ್ಷರ ಸೊಟ್ಟಗಾದ್ರೆ ಔಷಧಿ ಮಿದುಳಿಗೆ ತಾಗಿರಬಹುದು ಅಂತ ಡಾಕ್ಟರನ್ನ ಕರೀತೀವಿ. ಮೊದಲ ದಿನಗಳು ಸರಿಯಾಗಿ ಕಳೆದ್ರೆ ಪಂಪನ್ನು ಬ್ಯಾಗಿಗೆ ಹಾಕ್ಕೊಂಡು ಮನೆಗೂ ಹೋಗಬಹುದು. ಇದು ನಿಮ್ಮ ‘ಹಿಂಸೆ’.

"ಅದೆಲ್ಲ ನಿಮ್ಮಲ್ಲಿ" ಅಂತೀರಿ. ಹೌದು, ಆ ಔಷಧಿಯ ಬೆಲೆ ಎಲ್ಲರ ಕೈಗೆಟುಕಲ್ಲ, ಅದು ಅನ್ಯಾಯವೇ. ಆದ್ರೆ ಎರಡನೇ ಸಲದ ಚಿಕಿತ್ಸೆಗೂ ಬುನಾದಿ ವಿನ್‌ಕ್ರಿಸ್ಟಿನ್, ಡೆಕ್ಸಾಮೆಥಾಸೋನ್, ಮೆಥೊಟ್ರೆಕ್ಸೇಟ್‌ನಂಥ ಹಳೇ ಔಷಧಿಗಳೇ. ಬೆಂಗಳೂರಿನ ಕಿದ್ವಾಯಿಯಲ್ಲಿ ಅವು ಹೊಸದಲ್ಲ.

ಇನ್ನು ಕಷಾಯ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ವರದಿಗಳು 2021ರಲ್ಲಿ ಮುಂಬೈಯ ಡಾಕ್ಟರುಗಳಿಂದಲೇ ಬಂದಿವೆ. ಮೆಥೊಟ್ರೆಕ್ಸೇಟೂ ಲಿವರಿಗೇ ಹೊಡೆಯೋದು. ಎರಡನ್ನೂ ಸೇರಿಸಿ ಕುಡಿಸ್ತೀರಾ? ಬಿಳಿ ರಕ್ತಕಣ ಇಳಿದ ಮಗುವಿಗೆ ರಾತ್ರಿ 38 ಡಿಗ್ರಿ ಜ್ವರ ಬಂದ್ರೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು. ಬೆಳಗಾಗಲಿ ಅಂತ ಕಾದು ಮಕ್ಕಳನ್ನ ಕಳ್ಕೊಂಡವರಿದ್ದಾರೆ.

ಡಾಕ್ಟರೇ ಇನ್ನು ಸಾಕು ಅಂದ್ರೆ ಅದು ಬೇರೆ ಮಾತು. ಆಗ ನೋವು ತಗ್ಗಿಸೋದೇ ಚಿಕಿತ್ಸೆ. ಇಲ್ಲಿ ಅವರು ಹಾಗಂದಿಲ್ಲ, ನೀವಂದಿದ್ದೀರಿ.

ಫೋನ್ ಮಾಡಿದ ಮೂವರಿಗೂ ಒಂದು ಕೆಲಸ: ಸೋಮವಾರ ಅವನ ಅಮ್ಮ ಒಬ್ಬಳೇ ಬೆಂಗಳೂರಿಗೆ ಹೊರಟಿದ್ದಾಳೆ. ರಾತ್ರಿ ಅವಳ ಜೊತೆ ಕೂರೋಕೆ ಸರದಿ ಹಾಕ್ಕೊಳ್ಳಿ. ಮೊದಲ ವಾರದ ಊಟದ ದುಡ್ಡು ನಾನು ಕಳಿಸಿದ್ದೀನಿ.