ಐವತ್ತೊಂಬತ್ತೋ ಅರವತ್ತೊಂಬತ್ತೋ?

ಜಪಾನಿನ ಕಿರಿನ್ ಕಂಪನಿಯವರು 2024ರ ಮೇ ತಿಂಗಳಲ್ಲಿ ಒಂದು ಚಮಚವನ್ನು ಮಾರಾಟಕ್ಕೆ ಬಿಟ್ಟರು. ಬೆಲೆ 19,800 ಯೆನ್. ಬ್ಯಾಟರಿ ಹಾಕಿದ ಈ ಚಮಚ ನಾಲಗೆಗೆ ಅತಿ ಸಣ್ಣ ಪ್ರಮಾಣದಲ್ಲಿ ವಿದ್ಯುತ್ ಹರಿಸಿ, ಉಪ್ಪು ಕಡಿಮೆಯಿದ್ದರೂ ಸಾಕಷ್ಟು ಇದ್ದಂತೆ ರುಚಿ ತೋರಿಸುತ್ತದಂತೆ. ಅದೇ ವರ್ಷ ಅಮೆರಿಕದ ಹ್ಯೂಮೇನ್ ಎಂಬ ಕಂಪನಿ ಅಂಗಿಯ ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯೊಂದನ್ನು 699 ಡಾಲರಿಗೆ ಮಾರಿತು. ಕೈಯಲ್ಲಿ ಮೊಬೈಲು ಹಿಡಿಯುವುದೇ ಬೇಡ, ಬಿಲ್ಲೆಯೊಡನೆ ಮಾತಾಡಿದರೆ ಸಾಕು ಎಂದಿತು. 2025ರ ಫೆಬ್ರವರಿ 28ಕ್ಕೆ ಕಂಪನಿಯೇ ಸರ್ವರ್ ಮುಚ್ಚಿತು, ಬಿಲ್ಲೆ ಮೂಕವಾಯಿತು.

ಇಂಥ ಸುದ್ದಿಗಳನ್ನು ಬಿಡದೆ ಓದುವವರಲ್ಲಿ ನಾನೂ ಒಬ್ಬ. ಚಮಚವನ್ನು ಹೀಯಾಳಿಸುವುದೂ ಇಲ್ಲ; ರಕ್ತದೊತ್ತಡದವರಿಗೆ ಅದು ಉಪಕಾರವಾದೀತು. (ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ನಂಚುವ ನಿಮಗಾಗಲಿ, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚುವ ಇಲ್ಲಿನವರಿಗಾಗಲಿ ಅದು ಹಿಡಿಸುವುದು ಸಂಶಯ.) ನನ್ನ ತಕರಾರು ಬೇರೆ. ಹೊಸ ಯಂತ್ರವೆಂದರೆ ಹೊರದೇಶದ ವಿಚಿತ್ರವಸ್ತು ಎಂದು ಬಾಯಿ ಬಿಟ್ಟು ಕುಳಿತಿರುವ ನಮ್ಮ ಓದುಬರಹದ ಜನ, ಬೀದಿಯ ಅಂಗಡಿಯಲ್ಲಿ ದಿನವಿಡೀ ಕೂಗುವ ಯಂತ್ರ ಯಾರ ಭಾಷೆಯಲ್ಲಿ ಕೂಗುತ್ತಿದೆ ಎಂದು ಕೇಳುವುದಿಲ್ಲವಲ್ಲ!

ನಾನಿರುವುದು ಸೊಲ್ಲಾಪುರದಲ್ಲಿ, ಕೆಲಸ ಅಕ್ಕಲಕೋಟ ರಸ್ತೆ ಎಂಐಡಿಸಿಯ ಕಡೆಯ ಬ್ಯಾಂಕಿನಲ್ಲಿ. ಚಾದರ, ಟವೆಲು ನೇಯುವ ಮಗ್ಗಗಳ ಪ್ರದೇಶವಿದು. ಮಗ್ಗದ ಸದ್ದಿನ ನಡುವೆ ತೆಲುಗು, ಕನ್ನಡ, ಮರಾಠಿ ಮೂರೂ ನಡೆಯುತ್ತವೆ. ಕಾಸರಗೋಡಿನ ಓದುಗರಿಗೆ ದೂರವೆನಿಸಬಹುದು. ಆದರೆ 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದಿತ್ತು, ಎರಡೂ ಸೇರಲಿಲ್ಲ. ಒಂದೇ ಕಡತದಲ್ಲಿ ಧೂಳು ತಿಂದ ನೆಂಟರು ನಾವು.

ಇಲ್ಲಿ ಚಹಾದ ಗಾಡಿ ಇಟ್ಟಿರುವ ಒಬ್ಬ ಹೆಂಗಸು ಅಕ್ಕಲಕೋಟ ತಾಲೂಕಿನ ಹಳ್ಳಿಯವಳು. ಗಿರಾಕಿ ಮೊಬೈಲಿನಿಂದ ದುಡ್ಡು ಹಾಕಿದೊಡನೆ ಮೊತ್ತ ಹೇಳುವ ಪುಟ್ಟ ಪೆಟ್ಟಿಗೆ ಅವಳ ಗಾಡಿಯಲ್ಲೂ ಇದೆ. ಅದು ಹಿಂದಿಯಲ್ಲಿ ಹೇಳುತ್ತಿತ್ತು. "ಸಾಹೇಬ್ರ, ಇದು ಐವತ್ತೊಂಬತ್ತ ಅಂತೈತೋ, ಅರವತ್ತೊಂಬತ್ತ ಅಂತೈತೋ?" ಎಂದು ಒಂದು ದಿನ ಕೇಳಿದಳು. ಪ್ರಶ್ನೆ ಸಣ್ಣದಲ್ಲ. ಹಿಂದಿಯಲ್ಲಿ 59 ಎಂದರೆ ಉನಸಠ್, ಅರವತ್ತಕ್ಕೆ ಒಂದು ಕಡಿಮೆ. 69 ಎಂದರೆ ಉನಹತ್ತರ್, ಎಪ್ಪತ್ತಕ್ಕೆ ಒಂದು ಕಡಿಮೆ. ನಮ್ಮಲ್ಲಿ ಐವತ್ತು ಮೊದಲು ಬಂದು ಒಂಬತ್ತು ಆಮೇಲೆ ಬರುತ್ತದೆ. ಅವಳಿಗೆ ಮರಾಠಿಯೂ ಬರುತ್ತದೆ, ಹಿಂದಿಯೂ ಅಷ್ಟಿಷ್ಟು ತಿಳಿಯುತ್ತದೆ. ಆದರೆ ಮನುಷ್ಯ ಎಷ್ಟು ಭಾಷೆ ಕಲಿತರೂ ದುಡ್ಡು ಎಣಿಸುವುದು ತಾಯಿಮಾತಿನಲ್ಲಿ. ಮೂವತ್ತು ಕಪ್ಪು ಚಹಾ ಹೋಗುವ ಹೊತ್ತಿನಲ್ಲಿ ನಿಂತು ಯೋಚಿಸಲು ಪುರಸತ್ತು ಎಲ್ಲಿದೆ? ಹತ್ತು ರೂಪಾಯಿ ಹೋದರೆ ಹೋಯಿತು.

ಪೆಟ್ಟಿಗೆ ಕೂರಿಸಿದ ಹುಡುಗನನ್ನು ಹಿಡಿದು ಕೇಳಿದೆ. ಕನ್ನಡ ಅದರಲ್ಲಿ ಇತ್ತು! "ಮಹಾರಾಷ್ಟ್ರದಲ್ಲಿ ಅದನ್ನು ಯಾರು ಕೇಳ್ತಾರೆ ಸರ್?" ಎಂದ. ಭಾಷೆ ಬದಲಿಸಲು ಅವನಿಗೆ ಹಿಡಿದದ್ದು ಎರಡು ನಿಮಿಷ.

ಬ್ಯಾಂಕಿನವನಾದ ನನಗೆ ಈ ರೋಗದ ಮೂಲ ಗೊತ್ತು. ಬ್ಯಾಂಕಿನ ಫಲಕ, ನಮೂನೆಗಳು ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯಲ್ಲಿರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಪ್ರಾದೇಶಿಕ ಎಂಬುದನ್ನು ರಾಜ್ಯದ್ದು ಎಂದು ಓದುವುದು ರೂಢಿ: ಇಲ್ಲಿ ಮರಾಠಿ, ನಿಮ್ಮಲ್ಲಿ ಮಲಯಾಳ. ಕಾಗದದ ಕಾಲದಲ್ಲಿ ಇದಕ್ಕೊಂದು ನೆಪವಾದರೂ ಇತ್ತು. ನಾಲ್ಕನೆಯ ಭಾಷೆಯೆಂದರೆ ಇನ್ನೊಂದು ಕಟ್ಟು ಕಾಗದ, ಇನ್ನೊಂದು ಕಪಾಟು. ಯಂತ್ರಕ್ಕೆ ಯಾವ ಕಪಾಟು ಬೇಕು? ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡ, ಮಲಯಾಳ ಎರಡೂ ಲಿಪಿಗಳು ಅದರಲ್ಲಿದ್ದವು. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ತುಳುವೂ ಸೇರಿತು. ತುಳು ಕಲಿತ ಯಂತ್ರಕ್ಕೆ ಮಂಜೇಶ್ವರದ ಕನ್ನಡ ಭಾರವೇ? ಭಾರವಾದದ್ದು ಕೇಳುವ ಕಷ್ಟ ಮಾತ್ರ. ಕಂಪನಿಗಳು ನಕ್ಷೆ ನೋಡಿ ಭಾಷೆ ತುಂಬುತ್ತವೆ, ಮನುಷ್ಯನ ಮುಖ ನೋಡುವುದಿಲ್ಲ. ಮಾತಿನಲ್ಲೇ ಹಣ ಕಳಿಸುವ 'ಹಲೋ ಯುಪಿಐ' 2023ರ ಸೆಪ್ಟೆಂಬರ್ 6ರಂದು ಪ್ರಕಟವಾದಾಗಲೂ ಮೊದಲು ಹಿಂದಿ, ಇಂಗ್ಲಿಷ್, ಉಳಿದವು ಆಮೇಲೆ! ಓದು ಬಾರದವನಿಗಾಗಿಯೇ ಮಾಡಿದಂತಿರುವ ಸೌಕರ್ಯದಲ್ಲಿ ಅವನ ಭಾಷೆಗೆ ಆಮೇಲಿನ ಸರದಿ.

ನಮ್ಮವರೂ ಕಡಿಮೆಯಿಲ್ಲ. ಮನೆಯ ಗೋಡೆಗೆ ಕನ್ನಡ ಕ್ಯಾಲೆಂಡರು, ಕೈಯ ಮೊಬೈಲಿಗೆ ಇಂಗ್ಲಿಷ್. ಪರದೆಯ ಮೇಲೆ ಕನ್ನಡ ಬಂದರೆ "ಇದೆಂಥ ಭಾಷೆ ಮಾರಾಯ, ಅರ್ಥವೇ ಆಗುವುದಿಲ್ಲ" ಎಂದು ನಗುತ್ತಾರೆ. ಹಾಗೆ ನಗುವವರಿಗೆ ಇಂಗ್ಲಿಷ್ ಬರುತ್ತದೆ, ನಡೆಯುತ್ತದೆ. ಚಹಾದ ಗಾಡಿಯವಳಿಗೆ ನಡೆಯುವುದಿಲ್ಲ.

ಈ ಸಂಚಿಕೆಯ ಮಲಯಾಳ ಪುಟಗಳ ಓದುಗರಿಗೂ ಇದು ಸಂಬಂಧಿಸಿದ್ದೇ. ಹೊರರಾಜ್ಯಗಳಲ್ಲಿ ಬೇಕರಿ, ಟೈರಿನ ಅಂಗಡಿ ಇಟ್ಟ ನಿಮ್ಮವರೂ ಐವತ್ತೊಂಬತ್ತನ್ನು ಅಂಬತ್ತೊಂಬದ್ ಎಂದೇ ಎಣಿಸುವವರು. ಆದ್ದರಿಂದ ಒಂದೇ ಅರ್ಜಿಯನ್ನು ಎರಡೂ ಭಾಷೆಗಳಲ್ಲಿ ಬರೆದು ಮುಂಬಯಿಯ ರಿಸರ್ವ್ ಬ್ಯಾಂಕಿಗೆ ಕಳಿಸೋಣ: ಹಣದ ಯಾವುದೇ ಯಂತ್ರವನ್ನು ಗಿರಾಕಿಗೆ ಕೊಡುವ ಮೊದಲು, ಅವನ ವಿಳಾಸ ಯಾವ ರಾಜ್ಯದ್ದೇ ಇರಲಿ, ಯಾವ ಭಾಷೆ ಬೇಕೆಂದು ಕೇಳಿ ಬರೆದುಕೊಳ್ಳುವುದನ್ನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ, ಪೆಟ್ಟಿಗೆ ತರುವ ಹುಡುಗನಿಗೆ ಸಹಿ ಹಾಕಿಕೊಡುವ ಮೊದಲೇ ಭಾಷೆ ಬದಲಿಸಿಕೊಳ್ಳಿ. ಹೇಳಿದೆನಲ್ಲ, ಎರಡು ನಿಮಿಷದ ಕೆಲಸ.